ಮಗ್ಗದ ಮನೆಯೂ ವಿಶ್ವವಿದ್ಯಾಲಯವೂ



ಮೇ 1ರಂದು ಧರ್ಮಸಭೆ ಕಾರ್ಮಿಕರಾದ ಸಂತ ಜೋಸೆಫರನ್ನು ಸ್ಮರಿಸುತ್ತದೆ. ಈ ಹಬ್ಬ ಬಹಳ ಹಳೆಯದೇನಲ್ಲ. 1955ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಇದನ್ನು ಜಾರಿಗೆ ತಂದರು. 2025ರಲ್ಲಿ ಆ ದಿನ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಗಂಡ ಬನಹಟ್ಟಿ ಕಡೆ ಪವರ್‌ಲೂಮಿನಲ್ಲಿ ಕೂಲಿ ನೇಕಾರ. ಮಗಳು ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದಳು.

"ಫಾದರ್, ಇಕಿ ಎಂ.ಎ. ಮಾಡ್ತೀನಿ ಅಂತಾಳ. ಯುನಿವರ್ಸಿಟಿ ಜಮಖಂಡ್ಯಾಗ ಐತಿ, ದೂರೇನಿಲ್ಲ. ಆದ್ರ ಅದನ್ನ ಮುಚ್ತಾರಂತ ಮಂದಿ ಅನ್ನಾಕತ್ತಾರ. ಮುಂದ ಕಲಿಸೋದೋ, ಹೊಲಿಗಿ ಮಷೀನ ಕೊಡಿಸೋದೋ, ನೀವ ಹೇಳ್ರಿ."

ಆಗತಾನೇ ನಾನು ಪ್ರಬೋಧನೆಯಲ್ಲಿ ಕೈಕೆಲಸದ ಹಿರಿಮೆಯನ್ನು ಇಪ್ಪತ್ತು ನಿಮಿಷ ಹೊಗಳಿದ್ದೆ. ನಜರೇತಿನ ಬಡಗಿಯ ಅಂಗಡಿಯೇ ದೊಡ್ಡ ಶಾಲೆ ಎಂದಿದ್ದೆ. ಈಗ ಒಬ್ಬ ನೇಕಾರನ ಮಗಳು ನನ್ನ ಮುಖ ನೋಡುತ್ತಾ ನಿಂತಾಗ ಆ ಇಪ್ಪತ್ತು ನಿಮಿಷದಲ್ಲಿ ಒಂದು ವಾಕ್ಯವೂ ಉಪಯೋಗಕ್ಕೆ ಬರಲಿಲ್ಲ. ಎರಡು ವಾರ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದೆ. ಆ ಎರಡು ವಾರಗಳಲ್ಲಿ ಓದಿದ್ದು, ನೆನಪಿಸಿಕೊಂಡದ್ದು ಇಲ್ಲಿದೆ.

ಮೊದಲು ಆ ವಿಶ್ವವಿದ್ಯಾಲಯದ ಸಂಗತಿ. 2022ರ ಮುಂಗಡಪತ್ರದಲ್ಲಿ ರಾಜ್ಯ ಸರ್ಕಾರ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿತು. ಅವುಗಳಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಒಂದು. ಹೆಸರು ಬಾಗಲಕೋಟೆಯದಾದರೂ ನೆಲೆ ಸಿಕ್ಕಿದ್ದು ಜಮಖಂಡಿಯಲ್ಲಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಎರಡು ವರ್ಷ ತುಂಬುವ ಮುಂಚೆಯೇ, 2025ರ ಫೆಬ್ರವರಿಯಲ್ಲಿ, ಉಪಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಚಿವ ಸಂಪುಟದ ಉಪಸಮಿತಿ ಹೊಸದಾಗಿ ಹುಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಅಭಿಪ್ರಾಯಪಟ್ಟಿತು. ಆ ಪಟ್ಟಿಯಲ್ಲಿ ಬಾಗಲಕೋಟೆಯ ಹೆಸರೂ ಬಂತು. ಹಣವಿಲ್ಲ, ಕಟ್ಟಡವಿಲ್ಲ, ಕಾಯಂ ಅಧ್ಯಾಪಕರಿಲ್ಲ ಎಂಬುದು ಕಾರಣ. ಕಾರಣಗಳು ಸುಳ್ಳಲ್ಲ. ಆದರೆ ಹೆತ್ತ ಮಗುವಿಗೆ ಹಾಲು ಕೊಡದೆ, ಮಗು ಬೆಳೆಯಲಿಲ್ಲ ಎಂದು ದೂರುವುದು ಯಾವ ನ್ಯಾಯ ಎಂದು ನನಗೆ ಅನ್ನಿಸಿತು. ಸರ್ಕಾರ ಯಾವ ಪಕ್ಷದ್ದೆಂಬುದು ಇಲ್ಲಿ ಮುಖ್ಯವಲ್ಲ. ಹೆತ್ತವರು ಒಬ್ಬರು, ಸಾಕಬೇಕಾದವರು ಇನ್ನೊಬ್ಬರಾದಾಗ ಹೀಗಾಗುತ್ತದೆ.

ವಿದ್ಯಾಸಂಸ್ಥೆಯನ್ನು ಸಾಕುವುದು ಹೇಗೆಂಬುದು ನಮ್ಮ ಸೀಮೆಗೆ ಹೊಸ ಪ್ರಶ್ನೆಯಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಒಂದು ಶಾಸನ ಕಂಬವಿದೆ. ಕಾಲ ಕ್ರಿ.ಶ. 945, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳ್ವಿಕೆ. ಅವನ ಮಂತ್ರಿ ನಾರಾಯಣ ಎಂಬುವವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯಲು 27 ಮನೆಗಳಿದ್ದವು. ದೀಪದ ಎಣ್ಣೆಗೆ ಇಷ್ಟು ಭೂಮಿ, ಉಪಾಧ್ಯಾಯರಿಗೆ ಇಷ್ಟು ಭೂಮಿ ಎಂದು ಬಿಡಿಸಿ ಬರೆದಿದ್ದಾರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ವಿವರ. ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ ಕೊಡಬೇಕು. ಉಪನಯನವಾದರೆ ಅದರ ಅರ್ಧ. ಸಾವಿರದ ಎಂಬತ್ತು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಹಳ್ಳಿ ತನ್ನ ಸಂತೋಷದ ಮೇಲೆ ತಾನೇ ತೆರಿಗೆ ಹಾಕಿಕೊಂಡು ವಿದ್ಯಾರ್ಥಿಗಳಿಗೆ ಊಟ ಹಾಕುತ್ತಿತ್ತು. ಇಂದು ನಮ್ಮ ಮದುವೆಗಳಲ್ಲಿ ಡಿ.ಜೆ.ಗೆ ಕೊಡುವ ಹಣದ ಲೆಕ್ಕ ನಾನು ಇಲ್ಲಿ ಎತ್ತುವುದಿಲ್ಲ. ಧರ್ಮಕೇಂದ್ರದವರು ಬೇಸರ ಮಾಡಿಕೊಂಡಾರು.

ಆ ಶಾಲೆ ವೇದಾಧ್ಯಯನದ ಶಾಲೆ. ಎಲ್ಲರಿಗೂ ತೆರೆದದ್ದಾಗಿರಲಿಲ್ಲ. ಅದೇ ಶಾಸನ ಬರೆದ ನಾಲ್ಕು ವರ್ಷಕ್ಕೆ, 949ರಲ್ಲಿ, ಮುಧೋಳದಲ್ಲಿ ಒಬ್ಬ ಬಳೆಗಾರರ ಮನೆಯಲ್ಲಿ ಗಂಡುಮಗು ಹುಟ್ಟಿತು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊತ್ತು ಊರೂರು ತಿರುಗಬೇಕಾಗಿದ್ದ ಆ ಹುಡುಗನಿಗೆ ಅಕ್ಷರದ ಹುಚ್ಚು. ಅವನು ಊರು ಬಿಟ್ಟು ದಕ್ಷಿಣಕ್ಕೆ ನಡೆದ. ಅಜಿತಸೇನಾಚಾರ್ಯರು ಗುರುವಾಗಿ ಸಿಕ್ಕರು, ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಆಶ್ರಯದಾತನಾದ. ಅವನೇ ಮಹಾಕವಿ ರನ್ನ. 993ರಲ್ಲಿ ಅತ್ತಿಮಬ್ಬೆಯ ಪೋಷಣೆಯಲ್ಲಿ 'ಅಜಿತಪುರಾಣ' ಬರೆದಾಗ, ಕವಿಚಕ್ರವರ್ತಿ ಎನಿಸಿಕೊಂಡ ಮೇಲೂ, ತಾನು ಬಳೆಗಾರರ ಕುಲದವನೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಓದಿದ ಮೇಲೆ ಅಪ್ಪನ ಕಸುಬನ್ನು ಹೇಳಲು ನಾಚುವ ನಮ್ಮ ಯುವಕರು ಇದನ್ನು ಗಮನಿಸಬೇಕು. ಇನ್ನೂ ಒಂದನ್ನು ಗಮನಿಸಬೇಕು: ಪ್ರತಿಭೆಯಿದ್ದ ಮುಧೋಳದ ಹುಡುಗ ಓದಲಿಕ್ಕೆ ಅಷ್ಟು ದೂರ ನಡೆಯಬೇಕಾಯಿತು. ನಡೆಯಲಾರದೆ ಮಲಾರ ಹೊತ್ತವರ ಹೆಸರು ಯಾವ ಪುರಾಣದಲ್ಲೂ ಇಲ್ಲ.

ಗುರುಮಠದಲ್ಲಿ ನಮಗೆ ಲತೀನ್ ಕಲಿಸುತ್ತಿದ್ದ ಹಿರಿಯ ಗುರುಗಳು ಒಂದು ದಿನ 'ಊನಿವೆರ್ಸಿತಾಸ್' ಎಂಬ ಪದ ಬರೆದು ಅರ್ಥ ಕೇಳಿದರು. ನಾವೆಲ್ಲ ವಿಶ್ವವಿದ್ಯಾಲಯ ಎಂದೆವು. ಅವರು ನಕ್ಕು, ಇದರ ಮೊದಲ ಅರ್ಥ ಸಂಘ ಎಂದರು. ಮಧ್ಯಯುಗದ ಯುರೋಪಿನಲ್ಲಿ ಬಡಗಿಗಳ ಸಂಘಕ್ಕೂ ಆ ಪದ, ನೇಕಾರರ ಸಂಘಕ್ಕೂ ಅದೇ ಪದ. ಬೊಲೋಞದಲ್ಲಿ ವಿದ್ಯಾರ್ಥಿಗಳು ಕೂಡಿ ಒಂದು ಸಂಘ ಮಾಡಿಕೊಂಡರು, ಪ್ಯಾರಿಸಿನಲ್ಲಿ ಗುರುಗಳು ಕೂಡಿ ಇನ್ನೊಂದು. ಕೈಕಸುಬಿನ ಸಂಘದಲ್ಲಿ ಹುಡುಗ ಮೊದಲು ಕೆಲಸ ಕಲಿಯುವವನಾಗಿ ಸೇರಿ, ವರ್ಷಗಟ್ಟಲೆ ದುಡಿದು, ತನ್ನದೊಂದು ಒಳ್ಳೆಯ ಕೃತಿ ಮಾಡಿ ತೋರಿಸಿ 'ಮಾಸ್ಟರ್' ಆಗುತ್ತಿದ್ದ. ವಿದ್ಯೆಯ ಸಂಘದಲ್ಲೂ ಅದೇ ಕ್ರಮ. ಎಂ.ಎ.ಯಲ್ಲಿರುವ ಮಾಸ್ಟರ್, ಮಗ್ಗದ ಮನೆಯ ಮಾಸ್ತರನ ಅಣ್ಣತಮ್ಮ. ಪದವಿ ದೊಡ್ಡದು ಕಸುಬು ಸಣ್ಣದು ಎಂಬ ಭೇದ ಆಮೇಲೆ ಬಂದದ್ದು.

ಸಂಘ ಕಟ್ಟುವ ವಿದ್ಯೆಯನ್ನು ನಮಗೆ ಯುರೋಪಿನವರು ಕಲಿಸಬೇಕಾಗಿರಲಿಲ್ಲ. ನಮ್ಮದೇ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆಯ ಐನೂರ್ವರು' ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿದ ವರ್ತಕರ ಸಂಘ. ಬೊಲೋಞ ವಿಶ್ವವಿದ್ಯಾಲಯ ಹುಟ್ಟಿತೆಂದು ಸಂಪ್ರದಾಯವಾಗಿ ಹೇಳುವ ವರ್ಷ 1088. ಅದೇ 1088ರಲ್ಲಿ ಕಡಲಾಚೆಯ ಸುಮಾತ್ರದಲ್ಲಿ ಐನೂರ್ವರ ಹೆಸರಿನ ಒಂದು ತಮಿಳು ಶಾಸನ ನಿಂತಿತು. ವ್ಯಾಪಾರ, ಹಡಗು, ತೂಕ, ಭಾಷೆ ಇವನ್ನೆಲ್ಲ ಅವರು ಯಾವ ತರಗತಿಯಲ್ಲಿ ಕಲಿತರು? ಸಂಘದಲ್ಲೇ ಕಲಿತರು. ಸಂತ ಪೌಲರೂ ಹೀಗೆಯೇ ಅಲ್ಲವೇ? ಗಮಲಿಯೇಲನ ಪಾದದ ಬಳಿ ಧರ್ಮಶಾಸ್ತ್ರ ಓದಿದರು, ಗುಡಾರ ಹೊಲಿಯುವ ಕಸುಬನ್ನೂ ಬಲ್ಲವರಾಗಿದ್ದರು. ಕೊರಿಂಥದಲ್ಲಿ ಹೊಟ್ಟೆ ತುಂಬಿಸಿದ್ದು ಎರಡನೆಯ ವಿದ್ಯೆ.

ಈಗ ಜಮಖಂಡಿಗೆ ಬರೋಣ. ಪಟವರ್ಧನ ಮನೆತನದ ಸಣ್ಣ ಸಂಸ್ಥಾನ ಇದು. 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಊರಲ್ಲಿ ಪರಶುರಾಮಭಾವೂ ಅವರ ಹೆಸರಿನ ಒಳ್ಳೆಯ ಹೈಸ್ಕೂಲು ಇತ್ತು, ಈಗಲೂ ಜನ ಪಿ.ಬಿ. ಹೈಸ್ಕೂಲ್ ಎನ್ನುತ್ತಾರೆ. ಮುಂದೆ? ಮುಂದೆ ಕೊಲ್ಲಾಪುರ, ಪುಣೆ ಅಥವಾ ಮುಂಬೈ. 1916ನೆಯ ಇಸವಿಯನ್ನು ನೋಡಿ. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯವನ್ನು ಆರಂಭಿಸಿದರು. ಅದೇ ವರ್ಷ ಪುಣೆಯಲ್ಲಿ 'ನ್ಯೂ ಪೂನಾ ಕಾಲೇಜು' ಶುರುವಾಯಿತು. ಮುಂದೆ ಜಮಖಂಡಿಯ ಸಂಸ್ಥಾನಿಕರು ತಮ್ಮ ತಂದೆಯ ನೆನಪಿಗೆ ಅದಕ್ಕೆ ದೊಡ್ಡ ದೇಣಿಗೆ ಕೊಟ್ಟರು. ಕಾಲೇಜಿಗೆ ಸರ್ ಪರಶುರಾಮಭಾವೂ ಕಾಲೇಜು ಎಂಬ ಹೆಸರು ಬಂತು. ಪುಣೆಯ ಪ್ರಸಿದ್ಧ ಎಸ್.ಪಿ. ಕಾಲೇಜು ಅದೇ.

ದಾನ ದೊಡ್ಡದು, ನಿಜ. ಆದರೆ ಸಂಸ್ಥಾನದ ಬೊಕ್ಕಸ ತುಂಬಿದ್ದು ಕೃಷ್ಣಾ ದಂಡೆಯ ಜೋಳ, ಹತ್ತಿಯ ಹೊಲಗಳಿಂದ, ನೇಕಾರರ ಕೇರಿಗಳಿಂದ. ಆ ಹೊಲದ ಹುಡುಗ ಅದೇ ಕಾಲೇಜಿನಲ್ಲಿ ಓದಬೇಕಾದರೆ ಪುಣೆಗೆ ಹೋಗಿ ಮರಾಠಿ ಕಲಿತು ಬಾಡಿಗೆ ಕೋಣೆ ಹಿಡಿಯಬೇಕು. ಎಸ್.ಪಿ. ಕಾಲೇಜಿನಲ್ಲಿ ಕಲಿತವರಿಗೆ ಜಮಖಂಡಿ ಎಲ್ಲಿದೆ ಎಂದು ಗೊತ್ತಿದೆಯೋ ಇಲ್ಲವೋ! ಸಂಸ್ಥಾನಿಕರನ್ನು ನಾನು ದೂರುತ್ತಿಲ್ಲ. ವಿದ್ಯೆ ಎಂದರೆ ದೂರದ ನಗರದಲ್ಲಿರುವ ವಸ್ತು ಎಂದು ಆಗ ಎಲ್ಲರೂ ತಿಳಿದಿದ್ದರು. ಈಗಲೂ ಅನೇಕರು ಹಾಗೆಯೇ ತಿಳಿದಿದ್ದಾರೆ.

ದೂರ ಹೋಗಿ ಬೆಳೆದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು. ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದರು. ಇಲ್ಲಿಯ ಹೈಸ್ಕೂಲು, ಪುಣೆಯ ಡೆಕ್ಕನ್ ಕಾಲೇಜು, ಆಮೇಲೆ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ. 1926ರಲ್ಲಿ ಉಪನಿಷತ್ತುಗಳ ತತ್ತ್ವಜ್ಞಾನದ ಮೇಲೆ ಬರೆದ ಗ್ರಂಥ ಅವರಿಗೆ ದೇಶವಿದೇಶದಲ್ಲಿ ಹೆಸರು ತಂದಿತು. ಗುರುಮಠದ ಗ್ರಂಥಾಲಯದಲ್ಲಿ ಆ ಪುಸ್ತಕ ನಮಗೂ ಸಿಕ್ಕಿತ್ತು. ಭಾರತೀಯ ತತ್ತ್ವಶಾಸ್ತ್ರದ ಪಾಠಕ್ಕೆ ಓದಿದ್ದೆವು. ಲೇಖಕರು ಜಮಖಂಡಿಯವರೆಂದು ನಮಗೆ ಯಾರೂ ಹೇಳಿರಲಿಲ್ಲ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದರು. ಅವರ ನಿಜವಾದ ಗುರು ಮಾತ್ರ ಯಾವ ವಿಶ್ವವಿದ್ಯಾಲಯದವರೂ ಅಲ್ಲ. ಹದಿನೈದರ ಹರೆಯದಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದಿದ್ದರು. ಅಲ್ಲಿ ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ, ದಿನವೂ ಕುಳಿತು ಧ್ಯಾನ ಮಾಡುವುದಷ್ಟೇ. ಕುಲಪತಿ ಪದವಿಯ ನಂತರ ರಾನಡೆಯವರು ನೆಲೆ ನಿಂತದ್ದು ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ. 1957ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಗ್ರೀಕ್ ತತ್ತ್ವಜ್ಞಾನ ಬಲ್ಲ ವಿದ್ವಾಂಸರೊಬ್ಬರು ಬಿಸಿಲುನಾಡಿನ ಹಳ್ಳಿಯಲ್ಲಿ ರೈತರ ಜೊತೆ ಕುಳಿತು ಭಜನೆ ಮಾಡುತ್ತಿದ್ದುದನ್ನು ಕಲ್ಪಿಸಿಕೊಳ್ಳಿ. ಅವರಿಗೆ ಎರಡೂ ಬೇಕಾಗಿದ್ದವು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ.

ಇನ್ನೊಬ್ಬರು ಬಿ.ಡಿ. ಜತ್ತಿಯವರು. 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿ, ಕೊಲ್ಲಾಪುರದಲ್ಲಿ ಕಾನೂನು ಓದಿ, ಜಮಖಂಡಿಗೆ ಮರಳಿ ವಕೀಲಿ ಮಾಡಿದರು. ಪುರಸಭೆಯ ಸದಸ್ಯತ್ವದಿಂದ ಶುರುವಾದ ನಡಿಗೆ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಸ್ಥಾನದವರೆಗೆ ಮುಟ್ಟಿತು. ಭೂಸುಧಾರಣೆಗಾಗಿ ಅವರ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯ ವರದಿಯೇ 1961ರ ಕಾಯಿದೆಗೆ ತಳಪಾಯ. ಗೇಣಿ ಎಂದರೇನೆಂದು ಸಾವಳಗಿಯಲ್ಲಿ ಕಣ್ಣಾರೆ ನೋಡಬಹುದಿತ್ತು. ಅದನ್ನು ಕಾನೂನಿನ ಭಾಷೆಯಲ್ಲಿ ಬರೆಯಲು ಕೊಲ್ಲಾಪುರ ಬೇಕಾಯಿತು.

ಆದರೆ ವಿಶ್ವವಿದ್ಯಾಲಯವೇ ನಮ್ಮ ಮನೆಬಾಗಿಲಿಗೆ ಬಂದು ಕಲಿತದ್ದೂ ಉಂಟು. ಫ.ಗು. ಹಳಕಟ್ಟಿಯವರ ಹೆಸರು ಯಾರಿಗೆ ಗೊತ್ತಿಲ್ಲ? ವಿಜಾಪುರದ ವಕೀಲರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದರು. ಜಮಖಂಡಿಯಲ್ಲಿ ಕಾಲೇಜು ನಡೆಸುತ್ತಿರುವ ಸಂಸ್ಥೆ ಅದು. ತರುಣ ಹಳಕಟ್ಟಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಬಕವಿ-ಬನಹಟ್ಟಿಗೆ ಬಂದಾಗ ಒಂದು ಮನೆಯಲ್ಲಿ ತಾಳೆಗರಿಯ ಕಟ್ಟುಗಳನ್ನು ಕಂಡರು. ಬಿಚ್ಚಿದರೆ ವಚನಗಳು. ಅಂದು ಹಿಡಿದ ಹುಚ್ಚು ಜೀವಮಾನ ಬಿಡಲಿಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಅದಾದ ಮೇಲೆ ವಚನಗಳ ಮೇಲೆ ಪಿಎಚ್.ಡಿ. ಪಡೆದವರನ್ನು ಎಣಿಸಿ ಮುಗಿಸಲಾಗದು. ಆ ಗರಿಗಳನ್ನು ಗೆದ್ದಲಿಗೆ ಕೊಡದೆ ಶತಮಾನಗಳ ಕಾಲ ಕಾಪಾಡಿದವರಿಗೆ ಯಾವ ಪದವಿಯೂ ಇರಲಿಲ್ಲ. ಆದರೆ ಹಳಕಟ್ಟಿಯವರು ಓದಿದವರಾಗಿರದಿದ್ದರೆ ಅವು ಇನ್ನೂ ಅಟ್ಟದ ಮೇಲೆಯೇ ಇರುತ್ತಿದ್ದವೇನೋ. ಮುಧೋಳದ ನಾಯಿಯ ಕಥೆಯೂ ಹೀಗೆಯೇ. ತಳಿಯನ್ನು ಉಳಿಸಿಕೊಂಡು ಬಂದವರು ಹಳ್ಳಿಯ ಬೇಟೆಗಾರರು, ರೈತರು, ಅವರ ಜೊತೆಗೆ ಘೋರ್ಪಡೆ ಅರಸರು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ತೆರೆದದ್ದು ಆಮೇಲೆ.

ಪದವಿಗೆ ಬದಲಾದ ಶಿಕ್ಷಣ ಯಾವುದು ಎಂದು ಕೇಳಿದರೆ ನನಗೆ ಐ.ಟಿ.ಐ., ಡಿಪ್ಲೊಮಾ, ಮುಕ್ತ ವಿಶ್ವವಿದ್ಯಾಲಯ ಇವೆಲ್ಲಕ್ಕಿಂತ ಮೊದಲು ಚಿಕ್ಕಪಡಸಲಗಿ ನೆನಪಾಗುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಬೆಳೆ ಒಣಗುತ್ತಿತ್ತು. ಬ್ಯಾರೇಜು ಕಟ್ಟಿಕೊಡಿ ಎಂಬ ಬೇಡಿಕೆ ಸರ್ಕಾರದ ಕಡತದಲ್ಲೇ ಉಳಿದಿತ್ತು. ಆಗ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ನದಿದಂಡೆಯ ರೈತರು ಸಂಘ ಕಟ್ಟಿಕೊಂಡು, ತಾವೇ ಹಣ ಹಾಕಿ, ತಾವೇ ಮಣ್ಣು ಕಲ್ಲು ಹೊತ್ತು 1989ರಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. 1991ರಲ್ಲಿ ಅದೇ ನ್ಯಾಮಗೌಡರು ಲೋಕಸಭೆಗೆ ನಿಂತು ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿದರು. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆಯುತ್ತಿದ್ದರು. ಲೆಕ್ಕ ಇಡುವುದು, ಸಾವಿರಾರು ಜನರ ನಂಬಿಕೆ ಉಳಿಸಿಕೊಳ್ಳುವುದು, ಹರಿಯುವ ನೀರಿನ ಸ್ವಭಾವ ತಿಳಿಯುವುದು, ಇವೆಲ್ಲ ಪಾಠಗಳಲ್ಲವೇ? ಊನಿವೆರ್ಸಿತಾಸ್ ಎಂಬುದರ ಹಳೆಯ ಅರ್ಥ ಬೇಕಾದವರು ಚಿಕ್ಕಪಡಸಲಗಿಗೆ ಹೋಗಿ ನೋಡಬಹುದು.

ಮಗ್ಗವೂ ಅಂಥದ್ದೇ ಶಾಲೆಯಾಗಿತ್ತು. ಕಂಡಿಕೆ ಸುತ್ತುವುದರಿಂದ ಶುರುಮಾಡಿ ಉಂಕಿ, ಹಣಿಗೆ, ಲಾಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಮಕ್ಕಳು ಕಲಿಯುತ್ತಿದ್ದರು. "ಆಗಿತ್ತು" ಎಂದು ಬರೆಯುವಾಗ ಕೈ ತಡೆಯುತ್ತದೆ. ಆದರೆ ಪವರ್‌ಲೂಮಿನ ಕೂಲಿ ನೇಕಾರ ಮಗನಿಗೆ ಕಲಿಸುವುದು ಏನು? ದಾರ ಕಡಿದರೆ ಗಂಟು ಹಾಕುವುದು, ಕರೆಂಟು ಬರುವವರೆಗೆ ಕಾಯುವುದು. ಸೀರೆಯ ಬೆಲೆ ಅವನ ಕೈಯಲ್ಲಿಲ್ಲ, ನೂಲಿನ ಬೆಲೆಯೂ ಇಲ್ಲ. ಕಸುಬೇ ವಿದ್ಯೆ ಎಂದು ಪೀಠದ ಮೇಲೆ ನಿಂತು ಹೇಳುವ ನಮ್ಮಂಥವರು ಇದನ್ನು ಮರೆಯುತ್ತೇವೆ. ನಮಗೆ ತಿಂಗಳ ಅಕ್ಕಿಯ ಚಿಂತೆಯಿಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಎಂದು ವರ್ಷಗಟ್ಟಲೆ ಧರ್ಮಸಭೆಯ ಖರ್ಚಿನಲ್ಲಿ ಓದಿದವನು ನಾನು. ಬಡವನ ಮಗಳಿಗೆ ಓದಿಗಿಂತ ಹೊಲಿಗೆ ಮೇಲು ಎಂದು ಹೇಳುವ ಅಧಿಕಾರ ನನಗೆಲ್ಲಿಂದ ಬಂತು?

ಹಾಗೆ ಹೇಳಿದ್ದೆ ಕೂಡ. ಗುರುಪಟ್ಟವಾಗಿ ಮೂರು ವರ್ಷವಾಗಿತ್ತು. ಬೇರೊಂದು ಊರಿನ ಧರ್ಮಕೇಂದ್ರ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಯೊಬ್ಬಳ ತಂದೆ ನನ್ನನ್ನು ಕೇಳಿದರು. ಮನೆಯ ಪರಿಸ್ಥಿತಿ ನೋಡಿ, ಆರು ತಿಂಗಳ ಹೊಲಿಗೆ ತರಬೇತಿಗೆ ಹಾಕಿ, ಬೇಗ ಕೈಗೆ ದುಡ್ಡು ಬರುತ್ತದೆ ಎಂದೆ. ತರಬೇತಿ ಮುಗಿಯಿತು, ಮರುವರ್ಷ ಮದುವೆಯೂ ಮುಗಿಯಿತು. ಮಷೀನು ಗಂಡನ ಮನೆಗೆ ಹೋಗಿ ಮಂಚದ ಕೆಳಗೆ ಸೇರಿತು. ಹನ್ನೆರಡು ವರ್ಷದ ನಂತರ ಒಂದು ಜಾತ್ರೆಯಲ್ಲಿ ಎದುರಾದಳು. ಕೈಯಲ್ಲಿ ಇಬ್ಬರು ಮಕ್ಕಳು. ನಗುತ್ತಲೇ ಹೇಳಿದಳು, "ಫಾದರ್, ಅವತ್ತು ನೀವು ಓದಿಸಿ ಅಂದಿದ್ರೆ ಅಪ್ಪ ಕೇಳ್ತಿದ್ರು." ಕೋಪವಿರಲಿಲ್ಲ ಅವಳ ಮಾತಿನಲ್ಲಿ. ಅದಕ್ಕೇ ನನಗೆ ಇನ್ನೂ ನಾಟಿದೆ. ನನ್ನ ಲೆಕ್ಕ ತಪ್ಪಾಗಿದ್ದು ಹೊಲಿಗೆಯ ವಿಷಯದಲ್ಲಲ್ಲ. ಹೆಣ್ಣುಮಕ್ಕಳಿಗೆ ಕಾಲೇಜಿನ ಮೂರು ವರ್ಷ ಎಂದರೆ ಮದುವೆಯನ್ನು ಮೂರು ವರ್ಷ ಮುಂದೂಡುವ ಗೋಡೆಯೂ ಹೌದು ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಯಾವ ಸಚಿವ ಸಂಪುಟದ ಉಪಸಮಿತಿಯ ಖರ್ಚುವೆಚ್ಚದ ಪಟ್ಟಿಯಲ್ಲೂ ಈ ಅಂಕಣ ಇರುವುದಿಲ್ಲ.

ಹಾಗೆಂದು ಪದವಿಯನ್ನು ಪೂಜಿಸಲೂ ಮನಸ್ಸು ಒಪ್ಪದು. ಎಂ.ಎ. ಮುಗಿಸಿ ಮತ್ತೆ ಮಗ್ಗಕ್ಕೆ ಬಂದವರು ನಮ್ಮಲ್ಲೇ ಇದ್ದಾರೆ. ಅವರು ಅಪ್ಪನ ಕಣ್ಣಿಗೆ ಕಣ್ಣು ಕೊಡಲಾರರು. ಸಂತ ಫ್ರಾನ್ಸಿಸ್ ಕ್ಷೇವಿಯರರು ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಅಲ್ಲಿ ಪಾಠವನ್ನೂ ಹೇಳಿದವರು. 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಆ ವಿಶ್ವವಿದ್ಯಾಲಯಗಳಿಗೆ ಹೋಗಿ ಹುಚ್ಚನಂತೆ ಕೂಗಬೇಕೆನಿಸುತ್ತದೆ ಎಂದರು. ವಿದ್ಯೆ ಹೆಚ್ಚು, ಪ್ರೀತಿ ಕಡಿಮೆ ಎಂಬುದು ಅವರ ದೂರು. ಆದರೆ ಗಮನಿಸಿ, ವಿಶ್ವವಿದ್ಯಾಲಯಗಳನ್ನು ಮುಚ್ಚಿರೆಂದು ಅವರು ಕೂಗಲಿಲ್ಲ. ಅಲ್ಲಿಂದ ಜನ ಇಲ್ಲಿಗೆ ಬರಲೆಂದು ಕೂಗಿದರು.

ನಮ್ಮ ಜಿಲ್ಲೆಯ ಕಾಲೇಜುಗಳು ಮುಂಬೈ ವಿಶ್ವವಿದ್ಯಾಲಯದ ಕಾಲ ಕಳೆದು, 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ನೆರಳಿಗೆ ಬಂದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಮುಂಬೈ, ಧಾರವಾಡ, ಬೆಳಗಾವಿ, ಜಮಖಂಡಿ. ನೂರು ವರ್ಷಗಳಿಂದ ವಿಶ್ವವಿದ್ಯಾಲಯ ಒಂದೊಂದೇ ಹೆಜ್ಜೆ ಇಟ್ಟು ನೇಕಾರನ ಮನೆಯ ಕಡೆ ನಡೆದು ಬಂದಿದೆ. ಗಂಡುಮಕ್ಕಳು ಹೇಗೋ ರನ್ನನ ಹಾಗೆ ದೂರ ನಡೆದಾರು. ಸಂಜೆ ಮನೆಗೆ ಮರಳಲೇಬೇಕಾದ ಹೆಣ್ಣುಮಗಳಿಗೆ ಬಸ್ಸಿನ ದಾರಿಯೇ ವಿದ್ಯೆಯ ಎಲ್ಲೆ.

ಎರಡು ವಾರ ಕಳೆದ ಮೇಲೆ ತಾಯಿ ಮಗಳು ಬಂದರು. ನಾನು ಸಾಲೋಟಗಿಯಿಂದ ಆರಂಭಿಸಿದೆ. ತಾಯಿ ತಾಳ್ಮೆಯಿಂದ ಕೇಳಿದರು, ಆದರೆ ಐಹೊಳೆ ಮುಟ್ಟುವಷ್ಟರಲ್ಲಿ ಆಕಳಿಸಿದರು. ಕೊನೆಗೆ ಓದಲಿ ಎಂದೆ. ಮುಚ್ಚಿದರೆ ಗತಿಯೇನು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವಳು ಮಗಳು.

"ಮುಚ್ಚೋದಾದ್ರ ಮುಚ್ಚಲಿ ಫಾದರ್, ಕಲಿಯಾಕ ಹತ್ತಿದವರನ್ನ ಬ್ಯಾರೆ ಕಡೆ ಸೇರಿಸೋದು ಅವರ ಜವಾಬ್ದಾರಿ. ನಾ ಒಳಗ ಹೋಗಿ ಕುಂತ ಮ್ಯಾಲೆ ಆಮ್ಯಾಲಿಂದು ನೋಡೋಣು."

ತಾಯಿ ಹೊಲಿಗೆ ಮಷೀನಿನ ವಿಚಾರ ಬಿಡಲಿಲ್ಲ. ಕಂತಿನ ಮೇಲೆ ಕೊಡಿಸುತ್ತಾರಂತೆ, ರಜೆಯಲ್ಲಿ ಕಲಿಯಬೇಕಂತೆ. ಅರ್ಜಿಗೆ ಫೋಟೋ ಬೇ0ಕಾದೀತೆಂದು ಈಗಲೇ ತೆಗೆಸಿಡಲು ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಹೊರಟರು.